ಹೀಟ್ ಪಂಪಿನ ಹೊರ ಕಾಯಿಲ್: ಹಿಮದೊಡನೆ ಒಂದು ಶತಮಾನ

ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಮನೆಯೊಳಗೆ ಬಿಡುವ ಯಂತ್ರ ಹೀಟ್ ಪಂಪ್. ಏಸಿ ಮಾಡುವ ಕೆಲಸವನ್ನೇ ಇದು ತಿರುವುಮುರುವಾಗಿ ಮಾಡುತ್ತದೆ. ಗೋಡೆಯಾಚೆ ಕೂರುವ ಪೆಟ್ಟಿಗೆಯಲ್ಲಿ ಸಾಲುಸಾಲು ತಾಮ್ರದ ಕೊಳವೆಗಳು, ಅವಕ್ಕೆ ಪೋಣಿಸಿದ ನೂರಾರು ತೆಳು ಅಲ್ಯುಮಿನಿಯಂ ಫಿನ್‌ಗಳು, ಹಿಂದೆ ಒಂದು ಫ್ಯಾನ್ ಇರುತ್ತವೆ. ಕೊಳವೆ ಮತ್ತು ಫಿನ್ ಸೇರಿದ ಈ ಶಾಖ ವಿನಿಮಯಕವನ್ನು ರಿಪೇರಿಯವರು ಕಾಯಿಲ್ ಎನ್ನುತ್ತಾರೆ. ಕೊಳವೆಯೊಳಗೆ ಕುದಿಯುವ ಶೈತ್ಯಕಾರಕ, ಅವರ ಮಾತಿನಲ್ಲಿ ಗ್ಯಾಸು, ಹೊರಗಾಳಿಗಿಂತ ತಣ್ಣಗಿರಬೇಕು, ಆಗ ಮಾತ್ರ ಶಾಖ ಗಾಳಿಯಿಂದ ಗ್ಯಾಸಿಗೆ ಹರಿಯುತ್ತದೆ. ಹೊರಗೆ 3 ಡಿಗ್ರಿ ಇದ್ದರೆ ಕಾಯಿಲ್ ಸೊನ್ನೆಗಿಂತ ಕೆಳಗಿರುತ್ತದೆ. ಗಾಳಿಯ ತೇವ ಅದರ ಮೇಲೆ ಬಿಳಿ ಹಿಮವಾಗಿ ಕೂರುತ್ತದೆ. ಚಳಿನಾಡುಗಳಲ್ಲಿ ಹೀಟ್ ಪಂಪ್ ಗೆದ್ದದ್ದೂ ಸೋತದ್ದೂ ಬಹುಮಟ್ಟಿಗೆ ಈ ಬಿಳಿ ಪದರದ ಮುಂದೆಯೇ. ಗ್ಯಾಸನ್ನು ಒತ್ತುವ ಕಂಪ್ರೆಸರಿಗೆ ಸಿಕ್ಕ ಹೆಸರು ಮಾತ್ರ ಕಾಯಿಲ್‌ಗೆ ಎಂದೂ ಸಿಕ್ಕಿಲ್ಲ.

ಹೀಟ್ ಪಂಪಿನ ಕಲ್ಪನೆ ಹುಟ್ಟಿದ್ದೇ ಹೊರಗಾಳಿಯನ್ನು ನೆಚ್ಚಿಕೊಂಡು. 1852ರಲ್ಲಿ ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ಗಾಳಿಯನ್ನು ಹಿಗ್ಗಿಸಿ ತಣಿಸಿ, ಆ ತಣ್ಣನೆ ಗಾಳಿಗೆ ಹೊರಗಿನ ಶಾಖ ಹೀರಿಸಿ, ಮತ್ತೆ ಒತ್ತಿ ಕಟ್ಟಡವನ್ನು ಬೆಚ್ಚಗಿಡಬಹುದು ಎಂದು ಬರೆದರು. ಕಲ್ಲಿದ್ದಲನ್ನು ನೇರವಾಗಿ ಒಲೆಯಲ್ಲಿ ಸುಡುವುದಕ್ಕಿಂತ ಎಂಜಿನ್ ಓಡಿಸಿ ಹೀಗೆ ಶಾಖ ಎತ್ತಿದರೆ ಲಾಭ ಹೆಚ್ಚು ಎಂಬುದು ಅವರ ಲೆಕ್ಕ. ಆದರೆ ಅಂಥ ಯಂತ್ರವನ್ನು ಅವರು ಕಟ್ಟಲಿಲ್ಲ. ಅದೇ ದಶಕದಲ್ಲಿ ಆಸ್ಟ್ರಿಯಾದ ಎಬೆನ್‌ಸೀ ಉಪ್ಪಿನ ಕಾರ್ಖಾನೆಯಲ್ಲಿ ಪೀಟರ್ ಫಾನ್ ರಿಟಿಂಗರ್ ಕಟ್ಟಿದ ಯಂತ್ರ ಉಪ್ಪುನೀರಿನಿಂದ ಏಳುವ ಹಬೆಯನ್ನೇ ಒತ್ತಿ ಮತ್ತೆ ಬಳಸುತ್ತಿತ್ತು. ಕೆಲಸಕ್ಕೆ ಇಳಿದ ಮೊದಲ ಹೀಟ್ ಪಂಪ್ ಎಂದು ಚರಿತ್ರಕಾರರು ಗುರುತಿಸುವುದು ಇದನ್ನೇ. ಅಲ್ಲಿ ತಣ್ಣನೆ ಕಾಯಿಲ್ ಇರಲಿಲ್ಲವಾದ್ದರಿಂದ ಹಿಮದ ಪ್ರಶ್ನೆ ಬರಲಿಲ್ಲ.

ಮನೆ ಬೆಚ್ಚಗಿಡುವ ಹೀಟ್ ಪಂಪನ್ನು ನಿಜಕ್ಕೂ ಕಟ್ಟಿ ಅಳೆದವರಲ್ಲಿ ಸ್ಕಾಟ್‌ಲೆಂಡಿನ ಟಿ.ಜಿ.ಎನ್. ಹಾಲ್ಡೇನ್ ಮೊದಲಿಗರು. 1920ರ ದಶಕದ ಕೊನೆಗೆ ತಮ್ಮ ಮನೆಯಲ್ಲಿ ಯಂತ್ರ ಕೂರಿಸಿ, 1930ರಲ್ಲಿ ಅದರ ವಿವರವನ್ನು ವಿದ್ಯುತ್ ಎಂಜಿನಿಯರುಗಳ ಮುಂದಿಟ್ಟರು. ಶಾಖಕ್ಕೆ ಅವರು ಹೊರಗಾಳಿಯನ್ನೂ ನಲ್ಲಿನೀರನ್ನೂ ಬಳಸಿದ್ದರು. ಆ ಬಳಿಕ ಯುರೋಪಿನಲ್ಲಿ ಬಂದ ದೊಡ್ಡ ಯಂತ್ರಗಳು ಗಾಳಿಯ ಗೊಡವೆಗೇ ಹೋಗಲಿಲ್ಲ. 1938ರಲ್ಲಿ ಜ್ಯೂರಿಕ್ ನಗರದ ಸಭಾಭವನಕ್ಕೆ ಹಾಕಿದ ಹೀಟ್ ಪಂಪ್ ಪಕ್ಕದ ಲಿಮ್ಮಾಟ್ ನದಿಯಿಂದ ಶಾಖ ತೆಗೆಯುತ್ತಿತ್ತು. 1945ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಜಾನ್ ಸಮ್ನರ್ ಕಟ್ಟಿದ್ದು ವೆನ್ಸಮ್ ನದಿಯಿಂದ. 1951ರ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಥೇಮ್ಸ್ ನದಿಯನ್ನು ನೆಚ್ಚಿತು. ಜ್ಯೂರಿಕ್ಕಿನದು 2001ರವರೆಗೆ ಬಾಳಿತು. ನದಿಯ ನೀರು ಚಳಿಗಾಲದಲ್ಲೂ ಸೊನ್ನೆಗಿಂತ ಮೇಲಿರುತ್ತದೆ; ಅದರಿಂದ ಶಾಖ ತೆಗೆಯುವ ಕೊಳವೆಗೆ ಹಿಮದ ಕಾಟವಿಲ್ಲ. ಆದರೆ ಎಲ್ಲ ಮನೆಗಳೂ ನದಿ ದಂಡೆಯಲ್ಲಿ ಇರುವುದಿಲ್ಲವಲ್ಲ.

ಗಾಳಿಯನ್ನು ಧೈರ್ಯವಾಗಿ ನೆಚ್ಚಿದವರು ಅಮೆರಿಕನ್ನರು, ಅದೂ ಚಳಿ ಕಡಿಮೆಯಿರುವ ಕಡೆ. 1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ವಿದ್ಯುತ್ ಕಂಪನಿಯೊಂದು ತನ್ನ ಕಚೇರಿಯ ಶೈತ್ಯಯಂತ್ರವನ್ನೇ ಚಳಿಗಾಲದಲ್ಲಿ ತಿರುಗಿಸಿ ಓಡಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ ಕೊಡುವ ಯಂತ್ರಗಳು ಮಾರುಕಟ್ಟೆಗೆ ಬಂದವು. ಜನರಲ್ ಎಲೆಕ್ಟ್ರಿಕ್ ಕಂಪನಿಯ ‘ವೆದರ್‌ಟ್ರಾನ್’ 1950ರ ದಶಕದಲ್ಲಿ ಅವುಗಳ ಪೈಕಿ ಹೆಸರುವಾಸಿ. ಗ್ಯಾಸ್ ಹರಿಯುವ ದಿಕ್ಕು ಬದಲಿಸುವ ನಾಲ್ಕು ದಾರಿಯ ವಾಲ್ವ್ ಇವುಗಳ ಜೀವಾಳ. ವಿದ್ಯುತ್ ಕಂಪನಿಗಳಿಗಂತೂ ಬೇಸಿಗೆಯಲ್ಲಷ್ಟೇ ಏರುತ್ತಿದ್ದ ಏಸಿ ಬಳಕೆಗೆ ಚಳಿಗಾಲದ ಜೊತೆಗಾರ ಸಿಕ್ಕ ಸಂತೋಷ.

ಮುಂದಿನ ಎಡವಟ್ಟಿನ ಬೀಜ ಇಲ್ಲೇ ಬಿತ್ತು. ಈ ಯಂತ್ರಗಳು ಹುಟ್ಟಿನಿಂದ ಏಸಿಗಳು. ಬೇಸಿಗೆಯಲ್ಲಿ ಹೊರ ಕಾಯಿಲ್ ಬಿಸಿಯಾಗಿರುತ್ತದೆ, ಒಣಗಿರುತ್ತದೆ. ಅಲ್ಲಿ ಫಿನ್‌ಗಳನ್ನು ಎಷ್ಟು ಒತ್ತೊತ್ತಾಗಿ ಇಟ್ಟರೆ ಅಷ್ಟು ಒಳ್ಳೆಯದು, ಏಕೆಂದರೆ ಕಡಿಮೆ ಜಾಗದಲ್ಲಿ ಹೆಚ್ಚು ಮೇಲ್ಮೈ ಸಿಗುತ್ತದೆ. ಅಮೆರಿಕದ ಕಾಯಿಲ್ ಕಾರ್ಖಾನೆಗಳು ಇಂಚಿಗೆ ಇಷ್ಟು ಫಿನ್ ಎಂದೇ ಲೆಕ್ಕ ಹಾಕುತ್ತವೆ. ಹನ್ನೆರಡರಿಂದ ಇಪ್ಪತ್ತು ಫಿನ್ ಎಂದರೆ ನಡುವಿನ ಅಂತರ ಎರಡು ಮಿಲಿಮೀಟರಿನ ಆಸುಪಾಸು, ಕೆಲವೊಮ್ಮೆ ಇನ್ನೂ ಕಡಿಮೆ. ಇದೇ ಕಾಯಿಲ್ ಚಳಿಗಾಲದಲ್ಲಿ ತಣ್ಣಗಾಗಿ ಒದ್ದೆಯಾಗಿ ಹಿಮ ಹಿಡಿಯಬೇಕು ಎಂಬುದು ವಿನ್ಯಾಸಕಾರರ ಮನಸ್ಸಿನಲ್ಲಿ ಎರಡನೆಯ ಮಾತಾಗಿತ್ತು. ಶೈತ್ಯಾಗಾರ ಕಟ್ಟುವ ಕಸುಬಿನವರನ್ನು ಕೇಳಿದ್ದರೆ ಸಾಕಿತ್ತು. ಮಾಂಸ, ಮೀನು ಇಡುವ ಕೋಣೆಗಳಲ್ಲಿ ಬಹುಕಾಲ ಫಿನ್ ಇಲ್ಲದ ಬರಿ ಕೊಳವೆಗಳೇ ಇದ್ದವು. ಫಿನ್ ಬಂದ ಮೇಲೂ ಫ್ರೀಜರ್ ಕಾಯಿಲ್‌ಗಳಲ್ಲಿ ನಾಲ್ಕು, ಆರು, ಹತ್ತು ಮಿಲಿಮೀಟರ್ ಅಂತರ ಬಿಡುವುದು ರೂಢಿ. ಹಿಮಕ್ಕೆ ಜಾಗ ಬಿಡದಿದ್ದರೆ ಅದು ಗಾಳಿಯ ಜಾಗ ಕಸಿಯುತ್ತದೆ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಏಸಿಯವರು ಮತ್ತು ಶೈತ್ಯಾಗಾರದವರು ಒಂದೇ ವಿದ್ಯೆಯ ದಾಯಾದಿಗಳಾಗಿದ್ದರೂ ಈ ತಿಳಿವಳಿಕೆ ಕಾರ್ಖಾನೆಯಿಂದ ಕಾರ್ಖಾನೆಗೆ ದಾಟಲು ವರ್ಷಗಳೇ ಹಿಡಿದವು.

ಪರಿಣಾಮ 1960ರ ದಶಕದಲ್ಲಿ ಎದ್ದು ಕಂಡಿತು. ಹಿಮ ಕಟ್ಟಿದ ಕಾಯಿಲ್‌ನಲ್ಲಿ ಗ್ಯಾಸ್ ಪೂರ್ತಿ ಆವಿಯಾಗದೆ ದ್ರವವಾಗಿಯೇ ಕಂಪ್ರೆಸರಿಗೆ ನುಗ್ಗುತ್ತಿತ್ತು. ಆವಿಯನ್ನು ಒತ್ತಲೆಂದು ಮಾಡಿದ ಕಂಪ್ರೆಸರು ದ್ರವವನ್ನು ಒತ್ತಲಾರದೆ ವಾಲ್ವ್ ಮುರಿದುಕೊಳ್ಳುತ್ತಿತ್ತು. ಹಿಮ ಕರಗಿಸಲು, ಅಂದರೆ ಡಿಫ್ರಾಸ್ಟ್‌ಗೆಂದು, ಗ್ಯಾಸಿನ ದಿಕ್ಕು ಬದಲಿಸಿದ ಪ್ರತಿ ಸಲವೂ ಇದೇ ಗಂಡಾಂತರ. ಅಮೆರಿಕದ ಸೇನೆಯ ವಸತಿಗಳಲ್ಲಿ ಕೂರಿಸಿದ್ದ ಯಂತ್ರಗಳು ಎಷ್ಟು ಕೆಟ್ಟವೆಂದರೆ, ಆ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಸೇನೆ ಹೊಸ ಹೀಟ್ ಪಂಪ್ ಹಾಕಿಸುವುದನ್ನೇ ನಿಲ್ಲಿಸಿತು. ಉದ್ಯಮದ ಹೆಸರು ಕೆಟ್ಟಿತು. ಅಂದಿನ ದೂರುಗಳಲ್ಲಿ ತಪ್ಪು ಕಂಪ್ರೆಸರಿನ ತಲೆಗೆ ಬಿತ್ತು. ಅರ್ಧ ತಪ್ಪಾದರೂ ಕಾಯಿಲ್‌ನದು, ಅದಕ್ಕೆ ಜೋಡಿಸಿದ ಡಿಫ್ರಾಸ್ಟ್ ಪದ್ಧತಿಯದು.

ಹಿಮ ನಿಜಕ್ಕೂ ಮಾಡುವ ಹಾನಿ ಯಾವುದು ಎಂಬುದು ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ. ಚಳಿ ಹೆಚ್ಚಿದಷ್ಟೂ ಹಿಮ ಹೆಚ್ಚು ಎಂದುಕೊಳ್ಳುವುದು ಸಹಜ, ಆದರೆ ಅದು ನಿಜವಲ್ಲ. ಸೊನ್ನೆ ಡಿಗ್ರಿಯ ತೇವಭರಿತ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 4.8 ಗ್ರಾಂ ನೀರಾವಿ ಇರುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಅದು ಎರಡು ಗ್ರಾಂ ಚಿಲ್ಲರೆಗೆ ಇಳಿಯುತ್ತದೆ, ಮೈನಸ್ 20ರಲ್ಲಿ ಒಂದು ಗ್ರಾಮಿನ ಆಸುಪಾಸಿಗೆ. ಕೊರೆಯುವ ಚಳಿಯಲ್ಲಿ ಗಾಳಿಯೇ ಒಣಗಿರುತ್ತದೆ. ಇನ್ನೊಂದು ತುದಿಯಲ್ಲಿ, ಹೊರಗೆ 7 ಅಥವಾ 8 ಡಿಗ್ರಿ ಇದ್ದಾಗ ಕಾಯಿಲ್ ಸೊನ್ನೆಗೆ ಇಳಿಯದೆ ಬರಿ ನೀರು ತೊಟ್ಟಿಕ್ಕುತ್ತದೆ. ಇವೆರಡರ ನಡುವೆ, ಮೈನಸ್ 5ರಿಂದ 5 ಡಿಗ್ರಿಯವರೆಗೆ, ಮಂಜು ಮುಸುಕಿದ ಒದ್ದೆ ದಿನಗಳಲ್ಲೇ ಹಿಮ ಅತಿ ಬೇಗ ಬೆಳೆಯುತ್ತದೆ. ಇದೇ ಕಾರಣಕ್ಕೆ ಸ್ವೀಡನ್ನಿನ ಉತ್ತರ ತುದಿಗಿಂತ ಇಂಗ್ಲೆಂಡಿನ ಚಳಿಗಾಲ ಕಾಯಿಲ್‌ಗೆ ಹೆಚ್ಚು ಹಿಂಸೆ; ಲೇಹ್‌ನ ಒಣ ಚಳಿಗಿಂತ ಶ್ರೀನಗರದ ಮಂಜಿನ ಬೆಳಗು ಹೆಚ್ಚು ತೊಂದರೆ.

ಶಾಖದ ಲೆಕ್ಕ ಹಾಕಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಒಂದು ಕಿಲೋ ನೀರಾವಿ ನೇರವಾಗಿ ಹಿಮವಾಗುವಾಗ ಸುಮಾರು 2,834 ಕಿಲೋಜೂಲ್ ಗುಪ್ತೋಷ್ಣ ಬಿಟ್ಟುಕೊಡುತ್ತದೆ. ಅದು ಗ್ಯಾಸಿಗೆ ಸೇರಿ ಮನೆಯೊಳಗೆ ಹೋಗುತ್ತದೆ. ಅದೇ ಒಂದು ಕಿಲೋ ಹಿಮವನ್ನು ಕರಗಿಸಿ ನೀರಾಗಿ ಹರಿಸಲು ಬೇಕಾದದ್ದು ಸುಮಾರು 334 ಕಿಲೋಜೂಲ್ ಮಾತ್ರ, ಎಂಟನೆಯ ಒಂದು ಭಾಗಕ್ಕೂ ಕಡಿಮೆ. ಬರಿಯ ಲೆಕ್ಕದ ಪ್ರಕಾರ ಹಿಮ ಕೊಡುವುದೇ ಹೆಚ್ಚು, ಕೇಳುವುದು ಕಡಿಮೆ. ಹಾನಿ ಬೇರೆ ಕಡೆಯಿಂದ ಬರುತ್ತದೆ. ಹೊಸದಾಗಿ ಕೂತ ಹಿಮ ಹತ್ತಿಯಂತೆ ಹಗುರ. ಅದರೊಳಗೆ ಗಾಳಿಯೇ ಹೆಚ್ಚಾಗಿರುವುದರಿಂದ ಶಾಖಕ್ಕೆ ತಕ್ಕಮಟ್ಟಿನ ತಡೆಯೊಡ್ಡುತ್ತದೆ. ಆದರೂ ಪದರ ತೆಳುವಾಗಿರುವಾಗ ಈ ತಡೆ ಅಷ್ಟೇನೂ ದೊಡ್ಡದಲ್ಲ. ದೊಡ್ಡ ಏಟು ಬೀಳುವುದು ಗಾಳಿಯ ದಾರಿಗೆ.

ಸ್ಥೂಲವಾದ ಒಂದು ಲೆಕ್ಕ ಸಾಕು. ಫಿನ್‌ಗಳ ನಡುವೆ 1.9 ಮಿಲಿಮೀಟರ್ ತೆರೆದ ಜಾಗವಿದೆ ಎನ್ನೋಣ. ಎರಡೂ ಬದಿಗೆ ಅರ್ಧರ್ಧ ಮಿಲಿಮೀಟರ್ ಹಿಮ ಕೂತರೆ ಉಳಿಯುವುದು 0.9. ಕಿರಿದಾದ ಸೀಳಿನಲ್ಲಿ ಅಷ್ಟೇ ಗಾಳಿಯನ್ನು ನೂಕಲು ಬೇಕಾದ ಒತ್ತಡ ಅಂತರದ ಘನಕ್ಕೆ ವಿಲೋಮವಾಗಿ ಏರುತ್ತದೆ; ಅಂದರೆ ಇಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು. ಅಂತರ 3.9 ಮಿಲಿಮೀಟರ್ ಇದ್ದಿದ್ದರೆ ಅಷ್ಟೇ ಹಿಮಕ್ಕೆ ಎರಡೂವರೆ ಪಟ್ಟು ಸಾಕಿತ್ತು. ಹೊರಪೆಟ್ಟಿಗೆಯ ಫ್ಯಾನು ಅಂಥ ಒತ್ತಡಕ್ಕೆ ಮಾಡಿದ್ದಲ್ಲ, ಆದ್ದರಿಂದ ಗಾಳಿಯ ಹರಿವೇ ಕುಸಿಯುತ್ತದೆ. ಗಾಳಿ ಕಡಿಮೆಯಾದಾಗ ಸಾಕಷ್ಟು ಶಾಖ ಸಿಗದೆ ಗ್ಯಾಸಿನ ಉಷ್ಣತೆ ಇನ್ನೂ ಕೆಳಗಿಳಿಯುತ್ತದೆ. ಕಾಯಿಲ್ ಇನ್ನೂ ತಣ್ಣಗಾಗಿ ಹಿಮ ಇನ್ನೂ ಬೇಗ ಬೆಳೆಯುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುತ್ತಿದ್ದ ಯಂತ್ರ ಎರಡಕ್ಕೆ ಇಳಿಯುವುದು ಹೀಗೆ. ಹಿಮ ನಿಧಾನವಾಗಿ ಶುರುವಾಗಿ ಕೊನೆಯಲ್ಲಿ ಒಮ್ಮೆಲೇ ಕತ್ತು ಹಿಸುಕುವುದಕ್ಕೆ ಈ ವಿಷಚಕ್ರವೇ ಕಾರಣ.

ಈ ತಿಳಿವಳಿಕೆ ಪ್ರಯೋಗಾಲಯದ ಶಿಸ್ತಿಗೆ ಒಳಪಟ್ಟದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಅದಕ್ಕೂ ಮೊದಲು, 1955ರಲ್ಲಿ, ಕೇಸ್ ಮತ್ತು ಲಂಡನ್ ಬರೆದ ಶಾಖ ವಿನಿಮಯಕಗಳ ಪುಸ್ತಕ ಎಂಜಿನಿಯರುಗಳ ಮೇಜಿನ ಮೇಲೆ ಕೂತಿತ್ತು. ಆದರೆ ಅದರ ಕೋಷ್ಟಕಗಳೆಲ್ಲ ಒಣ ಮೇಲ್ಮೈಯವು. ತೈಲ ದುಬಾರಿಯಾದಾಗ ಅಮೆರಿಕದ ಸರ್ಕಾರಿ ಪ್ರಯೋಗಾಲಯಗಳು, ವಿಶ್ವವಿದ್ಯಾಲಯಗಳು ಹಿಮದ ಕಡೆ ತಿರುಗಿದವು. 1977ರಲ್ಲಿ ಜಪಾನಿನ ಹಯಾಶಿ ಮತ್ತು ಸಂಗಡಿಗರು ಹಿಮ ಬೆಳೆಯುವ ಹಂತಗಳನ್ನು ವಿಂಗಡಿಸಿದರು. ಮೊದಲು ಬಿಡಿಬಿಡಿ ಹರಳುಗಳು ನಿಲ್ಲುತ್ತವೆ, ಆಮೇಲೆ ಅವು ಕವಲೊಡೆದು ಪದರವಾಗುತ್ತವೆ, ಕೊನೆಗೆ ಮೇಲಿನ ತುದಿ ಕರಗಿ ಒಳಕ್ಕೆ ಇಳಿದು ಮತ್ತೆ ಹೆಪ್ಪುಗಟ್ಟಿ ಪದರ ಗಟ್ಟಿಯಾಗುತ್ತದೆ. ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ, ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಗಳಲ್ಲಿ ಇಡೀ ಯಂತ್ರಗಳನ್ನೇ ತೇವದ ಕೋಣೆಯಲ್ಲಿಟ್ಟು ಗಂಟೆಗಟ್ಟಲೆ ಓಡಿಸಿ ನೋಡಿದರು. ಒತ್ತೊತ್ತು ಫಿನ್‌ಗಳ ಕಾಯಿಲ್ ಓಟದ ಆರಂಭದಲ್ಲಿ ಮುಂದಿರುತ್ತದೆ, ಆದರೆ ಬೇಗ ಮುಚ್ಚಿಕೊಂಡು ಪದೇ ಪದೇ ಡಿಫ್ರಾಸ್ಟ್ ಕೇಳುತ್ತದೆ. ಅಂತರ ಹೆಚ್ಚಿರುವುದು ಮೆಲ್ಲಗೆ ಹೊರಟು ದೂರ ಹೋಗುತ್ತದೆ.

ಆದರೆ ಅಂತರ ಹೆಚ್ಚಿಸಿದರೆ ಮೇಲ್ಮೈ ಕಡಿಮೆಯಾಗುತ್ತದೆ. ಅದನ್ನು ತುಂಬಿಕೊಳ್ಳಲು ಇರುವ ನೇರ ದಾರಿ ಕಾಯಿಲ್ಲನ್ನೇ ದೊಡ್ಡದು ಮಾಡುವುದು: ಅಗಲ, ಎತ್ತರ, ಕೆಲವೊಮ್ಮೆ ಇನ್ನೊಂದು ಸಾಲು ಕೊಳವೆ. ಇದರಲ್ಲಿ ಎರಡು ಪಟ್ಟು ಲಾಭ. ಸಣ್ಣ ಕಾಯಿಲ್‌ನಲ್ಲಿ ಗ್ಯಾಸು ಹೊರಗಾಳಿಗಿಂತ ಹತ್ತು ಡಿಗ್ರಿ ತಣ್ಣಗಿರಬೇಕಾದರೆ ದೊಡ್ಡದರಲ್ಲಿ ಐದು ಡಿಗ್ರಿ ಸಾಕು. ಹೊರಗೆ 5 ಡಿಗ್ರಿ ಇದ್ದಾಗ ಮೊದಲನೆಯದರ ಮೇಲೆ ಹಿಮ ಬೆಳೆಯುತ್ತಿರುತ್ತದೆ, ಎರಡನೆಯದು ಇನ್ನೂ ಬರಿ ಒದ್ದೆ. ಹಿಮವನ್ನು ತಡೆಯುವ ಅತ್ಯುತ್ತಮ ಉಪಾಯ ಯಾವುದೇ ಜಾಣ ಲೇಪನವಲ್ಲ, ದೊಡ್ಡ ಕಾಯಿಲ್ ಎಂಬ ಬೇಸರದ ಸತ್ಯವನ್ನು ಉದ್ಯಮ ಒಪ್ಪಿಕೊಂಡದ್ದು ಇಷ್ಟವಿದ್ದಲ್ಲ. ತಾಮ್ರ ದುಬಾರಿ, ಪೆಟ್ಟಿಗೆ ಭಾರ, ಸಾಗಣೆ ಖರ್ಚು. ಕೊನೆಗೆ ಒಪ್ಪಿಸಿದ್ದು ಸರ್ಕಾರದ ದಕ್ಷತೆಯ ನಿಯಮಗಳು. ಅಮೆರಿಕದಲ್ಲಿ 2006ರಲ್ಲಿ ತಂಪಿಗೆ ಕನಿಷ್ಠ ದಕ್ಷತೆಯ ಅಳತೆಯನ್ನು ಏರಿಸಿದಾಗ ಹೊರಪೆಟ್ಟಿಗೆಗಳು ಒಂದೇ ಏಟಿಗೆ ಎತ್ತರವಾದವು. ಬೇಸಿಗೆಯ ವಿದ್ಯುತ್ ಉಳಿಸಲೆಂದು ಮಾಡಿದ ನಿಯಮ ಚಳಿಗಾಲದ ಹಿಮಕ್ಕೂ ಮದ್ದಾಯಿತು, ಯಾರೂ ಹಾಗೆಂದು ಯೋಜಿಸಿರದಿದ್ದರೂ.

ಫಿನ್‌ನ ಆಕಾರದಲ್ಲೂ ಇದೇ ಜಗ್ಗಾಟ. ಸಪಾಟು ತಗಡಿನ ಬದಲು ಅದನ್ನು ಸೀಳಿ ಸಣ್ಣ ಸಣ್ಣ ಕಿಂಡಿಗಳಂತೆ ಎಬ್ಬಿಸಿದರೆ ಗಾಳಿ ಪ್ರತಿ ಅಂಚಿನಲ್ಲೂ ಹೊಸದಾಗಿ ತಾಗುತ್ತದೆ, ಶಾಖ ಹೆಚ್ಚು ದಾಟುತ್ತದೆ. ಏಸಿ ಕಾಯಿಲ್‌ಗಳಲ್ಲಿ ಇಂಥ ಸೀಳುಫಿನ್ ಬಲು ಜನಪ್ರಿಯ. ಹಿಮ ಮೊದಲು ಕೂರುವುದೂ ಆ ಅಂಚುಗಳ ಮೇಲೆಯೇ. ಸೀಳುಗಳು ಮುಚ್ಚಿದ ಮೇಲೆ ಅದು ಬರಿ ಒರಟು ತಗಡು, ಸಪಾಟು ಫಿನ್‌ಗಿಂತ ಕಡೆ. ಹಾಗಾಗಿ ಚಳಿಪ್ರದೇಶದ ಮಾದರಿಗಳಲ್ಲಿ ಅಲೆಯಾಕಾರದ ಅಥವಾ ಸಪಾಟು ಫಿನ್‌ಗಳು ಮರಳಿ ಬಂದವು. ಗಾಳಿ ಮೊದಲು ತಾಗುವ ಸಾಲಿನಲ್ಲಿ ತೇವ ಹೆಚ್ಚು, ಹಿಮವೂ ಅಲ್ಲೇ ಹೆಚ್ಚು; ಆದ್ದರಿಂದ ಮುಂದಿನ ಸಾಲಿನಲ್ಲಿ ಅಂತರ ಅಗಲವಾಗಿಯೂ ಹಿಂದಿನ ಸಾಲಿನಲ್ಲಿ ಕಿರಿದಾಗಿಯೂ ಇಡುವ ಪದ್ಧತಿಯನ್ನು ಶೈತ್ಯಾಗಾರದವರಿಂದ ಎರವಲು ತಂದರು.

ಕಾಯಿಲ್ ಎಷ್ಟೇ ಚೆನ್ನಾಗಿದ್ದರೂ ಒಂದಲ್ಲ ಒಂದು ಹೊತ್ತಿಗೆ ಹಿಮ ಕರಗಿಸಲೇಬೇಕು. ಸಾಮಾನ್ಯ ಉಪಾಯ ಯಂತ್ರವನ್ನು ಕೆಲವು ನಿಮಿಷ ಏಸಿಯಾಗಿಸುವುದು: ಮನೆಯೊಳಗಿಂದ ಶಾಖ ತೆಗೆದು ಹೊರ ಕಾಯಿಲ್‌ಗೆ ಹರಿಸುವುದು. ಆ ಹೊತ್ತು ಮನೆಯೊಳಗೆ ತಣ್ಣನೆ ಗಾಳಿ ಬೀಸದಂತೆ ವಿದ್ಯುತ್ ಹೀಟರ್ ಉರಿಯಬೇಕಾಗುತ್ತದೆ. ಹಳೆಯ ಯಂತ್ರಗಳಲ್ಲಿ ಇದನ್ನು ನಡೆಸುತ್ತಿದ್ದುದು ಗಡಿಯಾರ. 30, 60 ಅಥವಾ 90 ನಿಮಿಷಕ್ಕೊಮ್ಮೆ, ಕಾಯಿಲ್ ತಣ್ಣಗಿದ್ದರೆ ಸಾಕು, ಹಿಮ ಇರಲಿ ಬಿಡಲಿ ಡಿಫ್ರಾಸ್ಟ್ ಶುರು. ಒಣ ಚಳಿಯ ದಿನ ಇದು ಶುದ್ಧ ದಂಡ. ಮಂಜಿನ ದಿನ ಸಾಲದು. ಕಾಯಿಲ್‌ನ ಎರಡು ಬದಿಯ ಒತ್ತಡ ಅಥವಾ ಗಾಳಿಗೂ ಕಾಯಿಲ್‌ಗೂ ಇರುವ ಉಷ್ಣತೆಯ ವ್ಯತ್ಯಾಸ ನೋಡಿ, ಅಗತ್ಯ ಬಿದ್ದಾಗ ಮಾತ್ರ ಕರಗಿಸುವ ನಿಯಂತ್ರಣಗಳು ಆಮೇಲೆ ಬಂದವು. ಅಂಥ ನಿಯಂತ್ರಣವಿದ್ದರೆ ಅಮೆರಿಕದ ಋತುಮಾನ ದಕ್ಷತೆಯ ಲೆಕ್ಕದಲ್ಲಿ ಗರಿಷ್ಠ ಶೇ 3ರಷ್ಟು ಹೆಚ್ಚುವರಿ ಅಂಕ ಸಿಗುವಂತೆಯೂ ನಿಯಮ ಮಾಡಿದರು.

ಕರಗಿದ ನೀರು ಎಲ್ಲಿ ಹೋಗುತ್ತದೆ ಎಂಬುದು ಇನ್ನೂ ದೊಡ್ಡ ತಲೆನೋವು. ಮೇಲಿನಿಂದ ಇಳಿದ ನೀರು ಕೆಳಗಿನ ಫಿನ್‌ಗಳನ್ನು ತೋಯಿಸಿ ಅಲ್ಲಿ ಕರಗುವುದನ್ನು ತಡ ಮಾಡುತ್ತದೆ. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಸಂಶೋಧಕರು ಕಾಯಿಲ್‌ನ ಮಧ್ಯೆ ಮಧ್ಯೆ ತಟ್ಟೆಗಳನ್ನು ಇಟ್ಟು ನೀರನ್ನು ಅಲ್ಲಲ್ಲೇ ಹೊರಹಾಕಿದಾಗ ಡಿಫ್ರಾಸ್ಟ್ ಬೇಗ ಮುಗಿಯಿತೆಂದು ತೋರಿಸಿದರು. ಫಿನ್‌ಗಳ ನಡುವೆ ಸಿಕ್ಕಿಕೊಂಡ ಹನಿಗಳು ಮುಂದಿನ ಓಟದಲ್ಲಿ ಗಟ್ಟಿ ಮಂಜುಗಡ್ಡೆಯಾಗುತ್ತವೆ. ಹಿಮ ಅದರ ಮೇಲೆ ಇನ್ನೂ ಬೇಗ ಬೆಳೆಯುತ್ತದೆ. ಪೆಟ್ಟಿಗೆಯ ತಳದಲ್ಲಿ ನಿಂತ ನೀರು ಹೆಪ್ಪುಗಟ್ಟಿ ಮೇಲಕ್ಕೆ ಏರಿ ಫ್ಯಾನಿನ ಅಲಗಿಗೇ ತಾಗುವುದುಂಟು. ಕಾಯಿಲ್‌ನ ತೀರ ಕೆಳಗಿನ ಕೊಳವೆಗಳಲ್ಲಿ, ಒಳಗಿನಿಂದ ಬರುವ ಬೆಚ್ಚನೆ ದ್ರವವನ್ನು ಹರಿಸಿ ತಳವನ್ನು ಹೆಪ್ಪುಗಟ್ಟದಂತೆ ಕಾಯುವ ವಿನ್ಯಾಸ ಇದಕ್ಕೆಂದೇ ಬಂತು. ಅದು ಇಲ್ಲದ ಕಡೆ ತಳದ ತಟ್ಟೆಗೆ ಹೀಟರ್ ತಂತಿ ಸುತ್ತುತ್ತಾರೆ. ನೋಡಲು ಕ್ಷುಲ್ಲಕ, ಆದರೆ ಚಳಿನಾಡಿನ ಮಾದರಿಯನ್ನೂ ಉಳಿದದ್ದನ್ನೂ ಬೇರೆ ಮಾಡುವುದು ಇಂಥ ಸಂಗತಿಗಳೇ.

ಈ ಕಸುಬನ್ನು ಅತಿ ಸೂಕ್ಷ್ಮಕ್ಕೆ ಒಯ್ದವರು ಜಪಾನಿಗಳು. ಅಲ್ಲಿಯ ಮನೆಗಳಲ್ಲಿ ಕೋಣೆಗೊಂದು ಏಸಿ, ಅದೇ ಚಳಿಗಾಲದ ಹೀಟರ್. ಜಪಾನ್ ಸಮುದ್ರದ ಕಡೆಯ ಕರಾವಳಿಯಲ್ಲಿ ಒದ್ದೆ ಹಿಮ ಬೀಳುತ್ತದೆ. ಹೊರಗೆ ಸೊನ್ನೆಯ ಆಸುಪಾಸು, ಗಾಳಿ ತುಂಬ ತೇವ. ಇದಕ್ಕಿಂತ ಕಠಿಣ ಪರೀಕ್ಷೆ ಬೇಡ. ಕೊಳವೆಗಳ ವ್ಯಾಸ 9.5 ಮಿಲಿಮೀಟರಿನಿಂದ 7ಕ್ಕೆ ಇಳಿಯಿತು. ಫಿನ್‌ಗೆ ನೀರನ್ನು ಹನಿಯಾಗಿ ನಿಲ್ಲಿಸದೆ ತೆಳುವಾಗಿ ಹರಡಿ ಜಾರಿಸುವ ಲೇಪನ ಬಂತು. 1980ರ ದಶಕದಲ್ಲಿ ವೇಗ ಬದಲಿಸಬಲ್ಲ ಇನ್ವರ್ಟರ್ ಕಂಪ್ರೆಸರ್ ಹರಡಿದ ಮೇಲೆ ಇನ್ನೊಂದು ಅನುಕೂಲ ಸಿಕ್ಕಿತು: ಬೇಡಿಕೆ ಕಡಿಮೆಯಿದ್ದಾಗ ಯಂತ್ರ ಮೆಲ್ಲಗೆ ಓಡುತ್ತದೆ, ಆಗ ಅದೇ ಕಾಯಿಲ್ ಕೆಲಸಕ್ಕೆ ಹೋಲಿಸಿದರೆ ದೊಡ್ಡದಾಗುತ್ತದೆ, ಹಿಮವೂ ತಡವಾಗುತ್ತದೆ. ಕಂಪ್ರೆಸರಿನ ಸುತ್ತ ವ್ಯರ್ಥವಾಗುವ ಶಾಖವನ್ನು ಕೂಡಿಟ್ಟು ಅದರಿಂದಲೇ ಹಿಮ ಕರಗಿಸಿ, ಒಳಗಿನ ಬಿಸಿ ನಿಲ್ಲದಂತೆ ಮಾಡಿದ ಮಾದರಿಗಳೂ ಬಂದವು. 2001ರಲ್ಲಿ ಇಂಗಾಲದ ಡೈಆಕ್ಸೈಡನ್ನೇ ಗ್ಯಾಸಾಗಿ ಬಳಸುವ ನೀರು ಕಾಯಿಸುವ ‘ಎಕೋಕ್ಯೂಟ್’ ಬಂತು. ಅಗ್ಗದ ವಿದ್ಯುತ್ತಿಗಾಗಿ ಅದು ರಾತ್ರಿ ಓಡಬೇಕು, ಅಂದರೆ ಹಿಮ ಹೆಚ್ಚಿರುವ ಹೊತ್ತಿನಲ್ಲೇ. ಕಾದ ತೊಟ್ಟಿಯ ನೀರನ್ನು ತಣಿಸದೆ, ಕಂಪ್ರೆಸರಿನ ಬಿಸಿ ಅನಿಲವನ್ನು ನೇರವಾಗಿ ಹೊರ ಕಾಯಿಲ್‌ಗೆ ಬಿಟ್ಟು ಹಿಮ ಕರಗಿಸುವುದು ಅದರ ಕ್ರಮ.

ಭಾರತದ ಅಂಗಡಿಗಳಲ್ಲಿ ‘ಬ್ಲೂ ಫಿನ್’ ಎಂದು ಹೊಗಳಿ ಮಾರುವ ಏಸಿಗಳ ನೀಲಿ ಬಣ್ಣ ನೀರು ಜಾರಿಸುವ ಇಂಥದೇ ಲೇಪನಗಳ ಕುಲದ್ದು. ಇಲ್ಲಿ ಅದನ್ನು ತುಕ್ಕು ನಿರೋಧಕವೆಂದು ಮಾರುತ್ತಾರೆ. ಬೆಂಗಳೂರಿನ ಹೋಟೆಲು, ಹಾಸ್ಟೆಲುಗಳ ಮಹಡಿಯ ಮೇಲೆ ನೀರು ಕಾಯಿಸುವ ಹೀಟ್ ಪಂಪ್‌ಗಳಿಗೆ ಹಿಮದ ಭಯವೇ ಇಲ್ಲ, ಊರಿನ ಚಳಿ ಅಷ್ಟಕ್ಕೆ ಇಳಿಯುವುದಿಲ್ಲ.

2000ದ ನಂತರ ಹಳೆಯ ತಪ್ಪು ಹೊಸ ವೇಷದಲ್ಲಿ ಬಂತು. ಕಾರುಗಳ ಏಸಿಯಲ್ಲಿ 1990ರ ದಶಕದಿಂದ ಪೂರ್ತಿ ಅಲ್ಯುಮಿನಿಯಂನ, ಚಪ್ಪಟೆ ಕೊಳವೆಗಳೊಳಗೆ ಒಂದು ಮಿಲಿಮೀಟರಿನಷ್ಟು ಸಣ್ಣ ರಂಧ್ರಗಳಿರುವ ಮೈಕ್ರೋಚಾನಲ್ ಕಾಯಿಲ್‌ಗಳು ಬಂದಿದ್ದವು. ಹಗುರ, ಅಗ್ಗ, ಗ್ಯಾಸ್ ಕಡಿಮೆ ಸಾಕು. ದಕ್ಷತೆಯ ನಿಯಮ ಬಿಗಿಯಾದಾಗ ಮನೆಯ ಏಸಿಗಳ ಹೊರಪೆಟ್ಟಿಗೆಗೂ ಅವು ಬಂದವು, ತಂಪಿಗೆ ಬಹಳ ಚೆನ್ನಾಗಿ ಕೆಲಸ ಮಾಡಿದವು. ಅದನ್ನೇ ಹೀಟ್ ಪಂಪಿಗೆ ಹಾಕಿ ನೋಡಿದಾಗ ಹಿಮ ಮತ್ತೆ ಲೆಕ್ಕ ಕೇಳಿತು. ಅಡ್ಡಡ್ಡ ಮಲಗಿದ ಚಪ್ಪಟೆ ಕೊಳವೆಗಳ ಮೇಲೆ ನೀರು ನಿಲ್ಲುತ್ತದೆ, ಸೀಳುಫಿನ್‌ಗಳ ನಡುವೆ ಹನಿಗಳು ಬಿಡದೆ ಅಂಟುತ್ತವೆ. ಡಿಫ್ರಾಸ್ಟ್ ಮುಗಿದರೂ ಕಾಯಿಲ್ ಒಣಗುವುದಿಲ್ಲ, ಪ್ರತಿ ಸುತ್ತೂ ಹಿಂದಿನದಕ್ಕಿಂತ ಗಿಡ್ಡವಾಗುತ್ತದೆ. ಹತ್ತಾರು ಸಣ್ಣ ದಾರಿಗಳಿಗೆ ಗ್ಯಾಸು ಸಮವಾಗಿ ಹಂಚಿಕೆಯಾಗದೆ ಒಂದು ಮೂಲೆ ಹಿಮಗಟ್ಟಿ ಇನ್ನೊಂದು ಮೂಲೆ ಸುಮ್ಮನಿರುವುದೂ ಉಂಟು. ಇಲಿನಾಯ್, ಒಕ್ಲಹೋಮ ರಾಜ್ಯ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ಇದನ್ನು ವರ್ಷಗಟ್ಟಲೆ ಅಳೆದವು. ಕೊಳವೆಗಳನ್ನು ನೇರ ನಿಲ್ಲಿಸಿದರೆ ನೀರು ಚೆನ್ನಾಗಿ ಇಳಿಯುತ್ತದೆ, ಹಂಚಿಕೆಯ ತೊಡಕು ಹೆಚ್ಚುತ್ತದೆ. ಅಮೆರಿಕದ ತಯಾರಕರು ಬಹುಮಟ್ಟಿಗೆ ಏಸಿಗೆ ಮೈಕ್ರೋಚಾನಲ್ ಇಟ್ಟುಕೊಂಡು ಹೀಟ್ ಪಂಪಿಗೆ ಹಳೆಯ ಕೊಳವೆ–ಫಿನ್ ಕಾಯಿಲ್‌ಗೇ ಮರಳಿದರು. ಅರವತ್ತರ ದಶಕದ ಪಾಠವನ್ನು ಎರಡನೆಯ ಸಲ ಹಣ ಕೊಟ್ಟು ಕಲಿತಂತಾಯಿತು.

ಯುರೋಪಿನಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ತಾಂತ್ರಿಕ ಸಂಸ್ಥೆ 2000ದ ದಶಕದಲ್ಲಿ ಹಿಮ ಹಿಡಿಯುವ ಫಿನ್ ಕಾಯಿಲ್ಲನ್ನೇ ವಿಷಯವಾಗಿಸಿ ‘ಲೋರೆಫ್’ ಎಂಬ ಯೋಜನೆ ನಡೆಸಿತು. ಹೊರಗೆ ಸೊನ್ನೆಗಿಂತ ಕೆಲವು ಡಿಗ್ರಿ ಮೇಲಿದ್ದರೆ ಕಂಪ್ರೆಸರನ್ನು ನಿಲ್ಲಿಸಿ ಬರಿ ಫ್ಯಾನು ಓಡಿಸಿ, ಹೊರಗಾಳಿಯಿಂದಲೇ ಹಿಮ ಕರಗಿಸುವುದು ಎಲ್ಲಕ್ಕಿಂತ ಅಗ್ಗ ಎಂಬುದನ್ನೂ ಅಲ್ಲಿ ಲೆಕ್ಕ ಹಾಕಿದರು. ಚೀನಾದ ಹಾರ್ಬಿನ್ ತಾಂತ್ರಿಕ ಸಂಸ್ಥೆಯವರು ಮೇಣದಂಥ ಪದಾರ್ಥ ಕರಗುವಾಗ ಕೂಡಿಡುವ ಶಾಖವನ್ನು ಡಿಫ್ರಾಸ್ಟ್‌ಗೆ ಬಳಸಿದರು. ಅದೇ ದೇಶದ ಯಾಂಗ್‌ಟ್ಸಿ ನದಿಯ ಬಯಲಿನಲ್ಲಿ ಚಳಿಗಾಲವೆಂದರೆ ಸೊನ್ನೆಯಿಂದ ಐದು ಡಿಗ್ರಿ, ತುಂಬ ತೇವ. ಕೋಟಿಗಟ್ಟಲೆ ಜನರ ಆ ಪ್ರದೇಶಕ್ಕೆ ಹಿಮ ಪುಸ್ತಕದ ಸಮಸ್ಯೆಯಾಗಿರಲಿಲ್ಲ. ನೀರನ್ನು ಅಂಟಿಸಿಕೊಳ್ಳದೆ ಉರುಳಿಸುವ ಅತಿಜಲವಿರೋಧಿ ಮೇಲ್ಮೈಗಳ ಬಗೆಗೆ ಸಂಶೋಧನಾ ಪತ್ರಿಕೆಗಳಲ್ಲಿ ಬಹಳ ಉತ್ಸಾಹವಿದೆ. ಪ್ರಯೋಗಾಲಯದಲ್ಲಿ ಅವು ಹಿಮವನ್ನು ತಡವಾಗಿಸುವುದೂ ನಿಜ. ಧೂಳು, ಎಲೆ, ವರ್ಷಕ್ಕೆ ಸಾವಿರಾರು ಸಲ ಹೆಪ್ಪುಗಟ್ಟಿ ಕರಗುವ ಆಟ ಇವನ್ನೆಲ್ಲ ತಡೆದು ಹದಿನೈದು ವರ್ಷ ಬಾಳುವುದು ಬೇರೆಯೇ ಮಾತು.

ಈಗ ಪ್ರೋಪೇನ್ ಗ್ಯಾಸಿನ ಕಾಲ ಬರುತ್ತಿದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಪ್ರೋಪೇನೇ ಇದು. ಭೂಮಿಯ ತಾಪ ಏರಿಸುವ ದೋಷ ತೀರ ಕಡಿಮೆ, ಆದರೆ ಬೆಂಕಿ ಹತ್ತುತ್ತದೆ. ಆದ್ದರಿಂದ ಯಂತ್ರದಲ್ಲಿ ಎಷ್ಟು ಕಡಿಮೆ ಗ್ಯಾಸು ಇದ್ದರೆ ಅಷ್ಟು ಒಳ್ಳೆಯದು. ಹೀಗಾಗಿ 5 ಮಿಲಿಮೀಟರಿನ ಸಪೂರ ಕೊಳವೆ, ಮೈಕ್ರೋಚಾನಲ್ ಇವು ಮತ್ತೆ ಕರೆಯುತ್ತಿವೆ. ಸಪೂರ ಕೊಳವೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಫಿನ್‌ಗಳ ನಡುವಿನ ಅಂತರವನ್ನೂ ಕಾಯಿಲ್‌ನ ಒಟ್ಟು ಅಗಲವನ್ನೂ ಅದರ ಜೊತೆ ಕುಗ್ಗಿಸಿದಾಗ ಮಾತ್ರ ಹಳೆಯ ಕಥೆ ಮರುಕಳಿಸುತ್ತದೆ.

ಹಿಮದ ಪರಿಣಾಮವನ್ನು ಅಂಕಿಯಲ್ಲಿ ಹಿಡಿಯುವ ವ್ಯವಸ್ಥೆಯೂ ಈ ಚರಿತ್ರೆಯ ಫಲವೇ. ಅಮೆರಿಕದ ಪರೀಕ್ಷಾ ಕ್ರಮದಲ್ಲಿ ಹಿಮ ಕೂರಿಸುವ ಪರೀಕ್ಷೆ 1.7 ಡಿಗ್ರಿಯಲ್ಲಿ ನಡೆಯುತ್ತದೆ. ಯುರೋಪ್, ಜಪಾನ್‌ಗಳಲ್ಲಿ ಗಾಳಿ 2 ಡಿಗ್ರಿ, ತೇವವನ್ನು ಸೂಚಿಸುವ ಒದ್ದೆಬಲ್ಬಿನ ಅಳತೆ 1 ಡಿಗ್ರಿ. ಅಲ್ಲಿ ಯಂತ್ರ ಹಿಮಗಟ್ಟಿ, ಕರಗಿಸಿ, ಮತ್ತೆ ಓಡಿ ಕೊಟ್ಟ ಒಟ್ಟು ಶಾಖವನ್ನೇ ಎಣಿಸುತ್ತಾರೆ. ಕ್ಯಾಟಲಾಗಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದು ಸಾಮಾನ್ಯವಾಗಿ 7 ಡಿಗ್ರಿಯ ಅಂಕಿ, ಅಲ್ಲಿ ಕಾಯಿಲ್ ಹೆಚ್ಚೆಂದರೆ ಒದ್ದೆಯಾಗಿರುತ್ತದೆ. ಲಂಡನ್ನಿನಲ್ಲೋ ಸಿಯಾಟಲ್‌ನಲ್ಲೋ ಮನೆ ಮಾಡಿ ಹೀಟ್ ಪಂಪ್ ಕೊಳ್ಳುವವರು ಆ ಪುಟವನ್ನು ಮಗುಚಿ, ಒಳಗಿನ ಕೋಷ್ಟಕದಲ್ಲಿ 2 ಡಿಗ್ರಿಯ ಸಾಲನ್ನು ಹುಡುಕಿ ನೋಡಬೇಕು.